ಸುಭಾನಿಯ ಅಂಗಡಿಯಲ್ಲಿ ನೀವು ಬಿಟ್ಟುಹೋದ ಮೀನುಗಳು

ಅಂಬೇವಾಡಿಯ ಹಿರಿಯರಿಗೆ, ಅಂಗಡಿಕಾರ ಬಂಧುಗಳಿಗೆ, ಮುಂದಿನ ಸಾಲಿನಲ್ಲಿ ಕೂತಿರುವ ಸುಭಾನಿಯ ಹೆಂಡತಿ ಸುಗರಾ ಭಾಬಿಗೆ, ಮಗಳು ನಿಲೋಫರಳಿಗೆ — ಕೈಮುಗಿಯುತ್ತೇನೆ. ನಾನು ಜುಜೆ. ಗಾಜು ಕೊಯ್ಯುವವನು. ಸುಭಾನಿಯ ಬಣ್ಣದ ಮೀನಿನ ಅಂಗಡಿಗೂ ನನ್ನ ಅಂಗಡಿಗೂ ನಡುವೆ ಒಂದೇ ಗೋಡೆ. ಅವನ ತೊಟ್ಟಿಗಳನ್ನೆಲ್ಲ ಅಂಟಿಸಿ ಕೊಟ್ಟವನು ನಾನೇ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು, ಭಾಷಣ ಬರುವುದಿಲ್ಲ. ಸಿಟ್ಟು ಬರುತ್ತದೆ. ಸಹಿಸಿಕೊಳ್ಳಿ.

ಈ ಶೋಕಸಭೆಯಲ್ಲಿ ನನಗಿಂತ ಮೊದಲು ಮಾತಾಡಿದವರೆಲ್ಲ ಅವನನ್ನು ಮೀನುಗಳ ಡಾಕ್ಟರು ಎಂದಿರಿ. ಒಳ್ಳೆಯ ಮಾತು. ಆದರೆ ಆ ಡಾಕ್ಟರು ತನ್ನ ದವಾಖಾನೆಯೊಳಗೇ ಹೇಗೆ ಸಿಕ್ಕಿಬಿದ್ದ — ಅದನ್ನು ಒಬ್ಬರೂ ಹೇಳಲಿಲ್ಲ. ನಾನು ಹೇಳುತ್ತೇನೆ.

ಮಹಾಬಳೇಶ್ವರ ಇಲ್ಲೇ ಇದ್ದಾನೆ. ತಲೆ ತಗ್ಗಿಸಬೇಡ ಮಾರಾಯ, ನೀನೊಬ್ಬನೇ ಅಲ್ಲ. ತನ್ನ ಖಾನಾವಳಿಯ ಗಲ್ಲಾದ ಮೇಲೆ ಸಾಕಿದ್ದ ಗೋಲ್ಡ್‌ಫಿಶ್ಶನ್ನು ಒಂದು ದಿನ ಡಬ್ಬಿಯಲ್ಲಿ ಹಿಡಿದು ಬಂದ.

"ಮೈತುಂಬ ಉಪ್ಪು ಉದುರಿಸಿದಂಗ ಆಗೇತಿ ನೋಡ್ರಿ, ಸುಭಾನಿಯವ್ರ."

"ತೊಟ್ಟಿಗೆ ಹೊಸಾದು ಏನ್ ಹಾಕೀರಿ?"

"ಏನೂ ಇಲ್ರಿ. ಮೌಳಂಗಿಯಿಂದ ಒಂದು ಕೊಡ ಹೊಳಿ ನೀರು ತಂದು ಹಾಕೇನಿ, ಶುದ್ಧ ಇರತೈತಲ್ರಿ. ಅದರಾಗ ಸಣ್ಣ ಮೀನೂ ಬಂದಿದ್ವು. ಜೊತಿಗಿರ್ಲಿ ಅಂತ ಬಿಟ್ಟೆ."

"ಛಲೋ ಆತು. ಕಳ್ಳನ್ನ ನೀವ ಕರಕೊಂಡು ಬಂದು ಹಾಸಿಗಿ ಹಾಸಿಕೊಟ್ಟೀರಿ."

ಸುಭಾನಿ ಮೊದಲು ಮೀನನ್ನು ಮುಟ್ಟುತ್ತಿರಲಿಲ್ಲ. ಸ್ಟೂಲು ಎಳೆದುಕೊಂಡು ಸುಮ್ಮನೆ ನೋಡುತ್ತಿದ್ದ. ಕಲ್ಲಿಗೆ ಮೈ ಉಜ್ಜುತ್ತದೆಯೇ, ಕಿವಿರು ಜೋರಾಗಿ ಬಡಿಯುತ್ತದೆಯೇ, ರೆಕ್ಕೆ ಮುದುಡಿಕೊಂಡಿದೆಯೇ. ಆಮೇಲೆ — ಹೀಗೆ, ಒಂದು ಕಣ್ಣು ಮುಚ್ಚಿ — ಭೂತಗನ್ನಡಿ ಹಿಡಿಯುತ್ತಿದ್ದ.

"ಈ ಬಿಳಿ ಚುಕ್ಕಿ ಒಳಗ ಹುಳ ಕುಂತೈತ್ರಿ. ಅಲ್ಲಿರೂತನಕ ಯಾವ ಔಷಧಾನೂ ಅದನ್ನ ಮುಟ್ಟಂಗಿಲ್ಲ. ತಾನ ಉದುರಿ ತಳಕ್ಕ ಹೋಗತೈತಿ. ಅಲ್ಲಿ ಒಂದು ಇದ್ದದ್ದು ನೂರಾರು ಆಗಿ ಮತ್ತ ಮೀನ ಹುಡುಕ್ಕೊಂತ ಹೊಂಡತಾವು. ಆವಾಗ ನೀರಾಗ ಔಷಧ ಇರಬೇಕು. ಚುಕ್ಕಿ ಹೋತು ಅಂತ ಬಿಟ್ರ ಮುಗೀತು."

"ಹಂಗಾರ ಹೊಳ್ಯಾಗಿನ ಮೀನು ಹೆಂಗ ಬದಕ್ತಾವ್ರಿ?"

"ಹೊಳ್ಯಾಗ ಹೋಗಾಕ ಜಾಗ ಐತಿ. ಹುಳ ಹುಡುಕೂದ್ರಾಗ ಮೀನು ಮುಂದ ಹೋಗಿರತೈತಿ. ಇಲ್ಲಿ ಎಲ್ಲಿ ಹೋಗಬೇಕದು? ನಾಕೂ ಕಡೆ ಜುಜೆನ ಗಾಜು."

ಆಗ ನಾನು ನಕ್ಕಿದ್ದೆ. ಈಗ ನಗು ಬರುವುದಿಲ್ಲ.

ಮಹಾಬಳೇಶ್ವರ ಏನೆಂದ? "ಇಲ್ಲೇ ಇರ್ಲಿ ಬಿಡ್ರಿ. ಮನ್ಯಾಗ ಮೀನು ಸತ್ರ ಛಲೋ ಅಲ್ಲ ಅಂತಾರ."

ಇದು ನಮ್ಮ ಊರಿನ ಪದ್ಧತಿ. ಮೀನು ಮನೆಯಲ್ಲಿ ಸತ್ತರೆ ಅಶುಭ. ಸುಭಾನಿಯ ಅಂಗಡಿಯಲ್ಲಿ ಸತ್ತರೆ ಅಡ್ಡಿಯಿಲ್ಲ. ಆದರೆ ಅಲ್ಲಿ ಅವು ಸಾಯಲಿಲ್ಲವಲ್ಲ — ಅದೇ ತೊಂದರೆ. ಅವನು ನೀರು ಬೆಚ್ಚಗೆ ಮಾಡಿ, ಔಷಧ ಹಾಕಿ, ದಿನವೂ ಪೈಪಿನಿಂದ ತಳದ ಹೊಲಸು ಎಳೆದು, ಚುಕ್ಕೆ ಹೋದ ಮೇಲೂ ಬಿಡದೆ ನೋಡಿಕೊಂಡ. ಮೀನು ಬದುಕಿತು. ಅಷ್ಟರಲ್ಲಿ ನೀವು ಬೇರೆ ಮೀನು ತಂದಿದ್ದಿರಿ. ಫೋನು ಮಾಡಿದರೆ "ನಾಳೆ ಬರ್ತೇನ್ರಿ" ಎಂದಿರಿ. ರಾಕೇಶ, ನೀನೂ ಹಾಗೇ ಬಿಟ್ಟುಹೋದವನು, ನಿನ್ನ ಮೀನು ಈಗ ಊಟದ ತಟ್ಟೆಯಷ್ಟಾಗಿದೆ. ನಿನಗೆ ಗುರುತು ಸಿಗಲಿಕ್ಕಿಲ್ಲ.

ಮಾರುವ ಮೀನಿಗೆ ಅಂಗಡಿಯಲ್ಲಿ ಜಾಗ ಉಳಿಯಲಿಲ್ಲ. ಮತ್ತೊಂದು ತೊಟ್ಟಿ ಮಾಡಿಕೊಡು ಎಂದು ಬಂದಾಗ ನಾನು ಬೈದೆ.

"ಮಾರಿ ಒಗಿಯೋ ಅವನ್ನ."

"ಅಮಾನತ್ತು, ಜುಜೆ. ಮಂದಿ ನಂಬಿ ಇಟ್ಟಿದ್ದು. ಬಂದು ಕೇಳಿದ್ರ ಏನ್ ಕೊಡ್ಲಿ?"

"ಯಾರೂ ಬರಂಗಿಲ್ಲೋ, ಹುಚ್ಚಾ."

"ಬಂದ್ರ?"

ಅಷ್ಟೇ. ಆ ಒಂದು ಮಾತೇ ಅವನಿಗೆ ಬೀಗ.

ಅವನಿಗೆ ಎದೆನೋವು ಇತ್ತು. ಹುಬ್ಬಳ್ಳಿಯ ಡಾಕ್ಟರು ಬಾ ಎಂದಿದ್ದರು. ಬಟ್ಟೆ ತುಂಬಿದ ಚೀಲ ಅಂಗಡಿಯ ಮೊಳೆಗೆ ನೇತಾಡುತ್ತಲೇ ಇತ್ತು. "ಹುಳ ಇನ್ನೂ ತಳದಾಗ ಅದಾವು, ಹೆಂಗ ಬಿಟ್ಟು ಹೋಗ್ಲಿ?" ಎನ್ನುತ್ತಿದ್ದ. ಆ ತೊಟ್ಟಿ ಗುಣವಾಗುವುದರೊಳಗೆ ಇನ್ನೊಬ್ಬರು ಡಬ್ಬಿ ಹಿಡಿದು ನಿಂತಿರುತ್ತಿದ್ದಿರಿ. ಬೇರೆಯವರ ಕೈಗೂ ಕೊಡುವಂತಿರಲಿಲ್ಲ. ಹಿಂದೊಮ್ಮೆ ತೇರಗಾಂವಕ್ಕೆ ಮದುವೆಗೆ ಹೋದಾಗ, ನೋಡಿಕೊಳ್ಳಲು ನಿಂತವನು ಒಂದೇ ಬಲೆಯನ್ನು ಎಲ್ಲ ತೊಟ್ಟಿಗೂ ಅದ್ದಿ ರೋಗ ಹಂಚಿಬಿಟ್ಟಿದ್ದ. ಅಂದಿನಿಂದ ಸುಭಾನಿ ಊರು ಬಿಡಲಿಲ್ಲ.

ಹೋದ ವಾರ ಅವನ ಅಂಗಡಿಯ ನೀರು ಹರಿದು ನನ್ನ ಹೊಸ್ತಿಲಿಗೆ ಬಂತು. ಬೈಯಲೆಂದೇ ಎದ್ದು ಹೋದೆ — ಪೈಪು ಅವನ ಕೈಯಲ್ಲೇ ಇತ್ತು. ಬಕೆಟ್ಟು ತುಂಬಿ ಚೆಲ್ಲುತ್ತಿತ್ತು. ಅವನು ತೊಟ್ಟಿಗಳ ಸಂದಿಯಲ್ಲಿ ಬಿದ್ದಿದ್ದ. ಹೊರಗೆ ತರಲು ದಾರಿ ಸಾಲಲಿಲ್ಲ. ನಾನೇ ಅಂಟಿಸಿದ ಎರಡು ತೊಟ್ಟಿಗಳನ್ನು ಸರಿಸಬೇಕಾಯಿತು.

ಈಗ ಕೇಳಿ. ಇವತ್ತು ಬೆಳಿಗ್ಗೆ ಅಂಗಡಿಕಾರರ ಸಂಘದ ಹಿರಿಯರು ಕೂಡಿ ಮಾತಾಡಿದರಂತೆ: ಅಂಗಡಿ ಮುಚ್ಚಬಾರದು, ನಿಲೋಫರ ಕೂರಲಿ, ತಂದೆಯ ಹೆಸರು ಉಳಿಯಲಿ. ಅವಳು ಹೂಂ ಎಂದಳಂತೆ. ಆ ಹೂಂ ನನಗೆ ಗೊತ್ತು. ಅವಳ ಅಪ್ಪನದೂ ಅದೇ ಹೂಂ. ಮುಂಡಗೋಡಿನ ಶಾಲೆಯಲ್ಲಿ ಅವಳ ನೌಕರಿ ಇದೆ, ರಜೆ ಮುಗಿಯುತ್ತ ಬಂದಿದೆ. ಒಂದು ವಾರದಿಂದ ತೊಟ್ಟಿಗೊಂದು ಬಲೆ ಹಿಡಿದು ನಿಮ್ಮ ಮೀನುಗಳ ನೀರು ಬದಲಿಸುತ್ತಿದ್ದಾಳೆ. ನಿನ್ನೆ ಭಾಬಿ ನನ್ನನ್ನು ಕೇಳಿದರು: "ಭಾಯಿ, ಇವನ್ನ ಮಾರಬ್ಯಾಡ ಅಂದಿದ್ರು. ಮತ್ತ ನಾವು ಹೋಗೂದು ಹೆಂಗ?"

ಉತ್ತರ ನನ್ನಲ್ಲಿಲ್ಲ. ನಿಮ್ಮಲ್ಲಿದೆ.

ರೋಗ ಇರುವ ತೊಟ್ಟಿ ಒಂದೇ ಉಳಿದಿದೆ. ಅದನ್ನು ನನ್ನ ಅಂಗಡಿಗೆ ಒಯ್ದಿದ್ದೇನೆ, ಚುಕ್ಕೆ ಹೋದ ಮೇಲೂ ನೋಡಿಕೊಳ್ಳುತ್ತೇನೆ. ಉಳಿದವು ಗಟ್ಟಿಮುಟ್ಟಾಗಿವೆ. ಸುಭಾನಿಯ ಅಂಗಡಿಯ ಶಟರ್ ಎತ್ತಿಟ್ಟೇ ಬಂದಿದ್ದೇನೆ. ಇಲ್ಲಿಂದ ಯಾರೂ ನೇರ ಮನೆಗೆ ಹೋಗಕೂಡದು. ಡಬ್ಬಿಯೋ ಬಕೆಟ್ಟೋ ತನ್ನಿ, ನಿಮ್ಮ ನಿಮ್ಮ ಮೀನು ಒಯ್ಯಿರಿ. ಹೊಳೆಗೆ ಮಾತ್ರ ಬಿಡಬೇಡಿ — ಅವನಿದ್ದಿದ್ದರೆ ಅದನ್ನೂ ಹೇಳುತ್ತಿದ್ದ.

ಯಾರೂ ಬರುವುದಿಲ್ಲ ಎಂದು ಅವನೊಂದಿಗೆ ಜಗಳವಾಡಿದವನು ನಾನು. ನನ್ನ ಮಾತು ಇವತ್ತು ಸುಳ್ಳಾಗಲಿ.

ಈಗ ಸುಭಾನಿಗಾಗಿ ಎದ್ದು ನಿಲ್ಲೋಣ. ಮಾತು ಬೇಡ, ಫೋನು ಬೇಡ. ಭಾಬಿ, ನಿಲೋಫರ, ನೀವು ಕೂತಿರಿ. ನಿಂತು ನಿಂತು ಸಾಕಾಗಿದೆ ನಿಮಗೆ.

ಉಳಿದವರು ಏಳಿ. ರಾಕೇಶ — ಮೊದಲು ನೀನು.