ತಲೆಗೆ ನೀರು

ಜಡಿಗೇನಹಳ್ಳಿ ಬಸ್ಸಿನಲ್ಲಿ ನನ್ನ ಮುಂದೆ ಪಕ್ಕದೂರಿನ ಕದಿರಮ್ಮ, ಮಾನಸ ಕೂತಿದ್ದರು. ಕದಿರಮ್ಮನ ಗಂಡ ತೀರಿಕೊಂಡು ತಿಂಗಳಾಗಿತ್ತು. ಮಾನಸಳ ಮಡಿಲಲ್ಲಿ ಆಗಷ್ಟೇ ಕೊಂಡ ಸೀಗೆಪುಡಿ ಪೊಟ್ಟಣ ಇತ್ತು.

“ಅವ್ರ ಕಾಲಿನ ಗಾಯದಿಂದ ರಕ್ತಕ್ಕೇ ನಂಜು ಏರಿತ್ತಂತೆ ಕಣಮ್ಮಾ. ಶುಗರ್ ಬೇರೆ ಇತ್ತು.”

“ಜ್ವರ ಬಿಟ್ಟೈತೆ ಅಂದಿದ್ರಲ್ಲ ಅಕ್ಕಾ?”

“ಹಂಗೇ ಅನ್ಕೊಂಡ್ವಿ. ಮೂರು ದಿನ ಸುಡ್ತಿದ್ದ ಮೈ ಬೆಳಿಗ್ಗೆ ತಣ್ಣಗಾಗಿತ್ತು. ಖುಷಿಯಾಗಿ ತಲೆಗೆ ನೀರು ಹಾಕ್ದೆ. ಅವ್ರು ಗೋಡೆ ಕಡೆ ತಿರುಗಿ, ಸತ್ತೋಗಿರೋ ಅವ್ರಮ್ಮನ ಜೊತೆ ಮಾತಾಡ್ತಿದ್ರು.”

“ಡಾಕ್ಟ್ರು ಏನಂದ್ರು?”

“ವಯಸ್ಸಾದೋರಿಗೆ ನಂಜು ಏರಿದಾಗ ಮೈ ತಣ್ಣಗಾದ್ರೆ ಅದು ಜ್ವರಕ್ಕಿಂತ ಕೆಟ್ಟದ್ದಂತೆ. ಆಗ್ಲೇ ಕರ್ಕೊಂಡ್ ಬರ್ಬೇಕಿತ್ತು ಅಂದ್ರು.”

ಮಾನಸ ಪೊಟ್ಟಣವನ್ನೇ ನೋಡುತ್ತಿದ್ದಳು.

“ಅಕ್ಕಾ, ನಮ್ಮತ್ತೆಗೆ ಇವತ್ತು ಬೆಳಿಗ್ಗೆ ಜ್ವರ ಬಿಡ್ತು.”

“ಮೈ ಹೆಂಗೈತೆ?”

“ತಣ್ಣಗೈತೆ. ‘ನಿಮ್ಮಾವಂಗೂ ತಟ್ಟೆ ಇಡು’ ಅಂದ್ರು.”

“ನಿಮ್ಮಾವ ಹೋಗಿ ಹತ್ತು ವರ್ಷ ಆಯ್ತಲ್ಲೇ!”

ಅವರ ಸ್ಟಾಪ್ ಬಂತು. ಮಾನಸ ಮೊಬೈಲನ್ನು ಕಿವಿಗೊತ್ತಿಕೊಂಡೇ ಎದ್ದಳು.

“ರೀ, ಅತ್ತೆನ ಈಗ್ಲೇ ಆಸ್ಪತ್ರೆಗೆ ಹೊರಡ್ಸಿ. ಏನು, ನಗ್ತಾವ್ರಾ? ಯಾರ ಜೊತೆ?”

ಬಸ್ಸು ಹೊರಟಿತು.