ಬಿಳಿ ಗೋಡೆಯ ಮೇಲಿನ ಕಿಟಕಿ

ಅಲ್ಲಲ್ಲ, ಆ ಗೋಡೆಗಲ್ಲ ರೀ! ಎಷ್ಟು ಸಲ ಹೇಳ್ಬೇಕು ನಿಮಗೆ? ಒಲೆ ಪಕ್ಕದ ಗೋಡೆಗೆ. ಅಡುಗೆಮನೆ ಒಡೆಸ್ತಿರೋದೇ ಕಿಟಕಿಗೋಸ್ಕರ, ನೀವು ನೋಡಿದ್ರೆ ಕಪಾಟು, ಟೈಲ್ಸು ಅಂತ ಅದನ್ನೇ ಹಿಡ್ಕೊಂಡು ಕೂತಿದ್ದೀರಿ. ನಾಳೆ ಮೇಸ್ತ್ರಿ ಬಂದು "ಎಲ್ಲಿ ಒಡೀಲಿ ಅಮ್ಮಾ" ಅಂದ್ರೆ ಏನು ತೋರಿಸೋದು? ನಿಮ್ಮ ಬೋಳುತಲೆನಾ?

ಯಾಕ್ರೀ ನಗ್ತೀರಿ? ಗಂಟಲಲ್ಲೇ ನುಂಗಿಕೊಂಡ್ರೆ ಗೊತ್ತಾಗಲ್ಲ ಅಂದ್ಕೊಂಡ್ರಾ? ಇಷ್ಟು ವರ್ಷ ಹೊಲಿಗೆ ಮಿಷನ್ನಿನ ಗದ್ದಲದಲ್ಲೇ ನಿಮ್ಮ ನಗು ಕೇಳಿಸಿಕೊಂಡವಳು ನಾನು.

ಕೇಳಿ ಇಲ್ಲಿ. ಈಗಿರೋದು ಕಿಟಕೀನಾ ಅದು? ಸೂರಿನ ಹತ್ತಿರ ಒಂದು ಗೂಡು. ಪಾರಿವಾಳಕ್ಕೆ ಸಾಕು. ನನಗೆ ದೊಡ್ಡದು ಬೇಕು... ಕಟ್ಟೆಯಿಂದಲೇ ಶುರುವಾಗಿ ನನ್ನ ತಲೆ ದಾಟಿ ಮೇಲೆ ಹೋಗ್ಬೇಕು. ಸಿಂಕಿನ ಮೇಲೂ ಒಂದು. ಬಾಗಿಲು ಹೊರಗಡೆ ತೆಗೀಬೇಕು, ಒಳಗಡೆಗಲ್ಲ. ಒಳಗೆ ತೆಗೆದ್ರೆ ಹಣೆಗೆ ಬಡಿಯುತ್ತೆ... ಯಾರಿಗಾದ್ರೂ.

ಗಾಳಿಗೆ ಒಲೆ ಆರುತ್ತಾ? ಆರಲಿ, ಮತ್ತೆ ಹಚ್ತೀನಿ. ಎದುರುಮನೆಯವರಿಗೆ ಒಳಗೆಲ್ಲ ಕಾಣುತ್ತಾ? ಕಾಣಲಿ ಬಿಡ್ರೀ! ನಾನೇನು ಕದ್ದು ಸಕ್ಕರೆ ಮುಕ್ತೀನಾ?

ಬೆಳಕು ಬೇಕು ರೀ, ಅಷ್ಟೇ. ಕತ್ತಲೆ ಅಡುಗೆಮನೇಲಿ ಯಾರಿಗೆ ತಾನೇ ಕೈ ತಪ್ಪಲ್ಲ? ಮೊನ್ನೆ ಹಾಲು ಲೋಟ ಬಿಟ್ಟು ಪಕ್ಕಕ್ಕೆ ಸುರೀತು, ನಿಜ. ಅಷ್ಟಕ್ಕೇ ನೀವು "ಅಡುಗೆಗೆ ಯಾರನ್ನಾದ್ರೂ ಇಟ್ಕೊಳ್ಳೋಣ" ಅಂದುಬಿಡೋದಾ?

ಇಲ್ಲ, ತಮಾಷೆಗೂ ಅನ್ಬೇಡಿ. ನಮ್ಮಮ್ಮನಿಗೂ ಹಾಗೇ ಅಂದ್ರು. ಅಣ್ಣ, ಅತ್ತಿಗೆ, ಎಲ್ಲರೂ ಪ್ರೀತಿಯಿಂದಲೇ. "ನೀನು ಆರಾಮಾಗಿ ಕೂತ್ಕೋಮ್ಮಾ." ಕೂತ್ಲು. ಅಡುಗೆಮನೆ ಬಾಗಿಲ ಹೊರಗೆ, ಕುರ್ಚೀಲಿ. ಒಳಗೆ ಒಗ್ಗರಣೆ ಚಟಪಟ ಅಂದಾಗೆಲ್ಲ ಎದ್ದು ನಿಲ್ಲೋಳು, ಮತ್ತೆ ಕೂತ್ಕೊಳ್ಳೋಳು. ಒದ್ದೆಯೇ ಇಲ್ಲದ ಕೈ ಒರೆಸಿಕೊಳ್ತಾ ಇರೋಳು. ಬರ್ತಾ ಬರ್ತಾ ಏಳೋದನ್ನೂ ಬಿಟ್ಲು... ನನಗೆ ಆ ಕುರ್ಚಿ ಬೇಡ ರೀ. ಹೆದರಿಕೆ ಆಗುತ್ತೆ.

ನನ್ನ ತಪ್ಪು ಎಣಿಸೋದಿರಲಿ, ನಿಮ್ಮ ಮರೆವೇನು ಕಮ್ಮಿನಾ? ಟೈಲರ್ ಆಗಿದ್ದೋರು ನೀವು, ದಾರ ಪೋಣಿಸಿದ ಸೂಜೀನ ಹಾಗೇ ಮಿಷನ್ ಪಕ್ಕದ ಪುಟ್ಟ ದಿಂಬಿಗೆ ಚುಚ್ಚಿ ಮರೆತು ಎದ್ದುಹೋಗ್ತೀರಿ. ನಾನು ಗುಂಡಿ ಹಾಕೋಕೆ ಕೂತಾಗೆಲ್ಲ ಒಂದಲ್ಲ ಒಂದು ಕೈಗೆ ಸಿಗುತ್ತೆ. ಉಪ್ಪಿನ ಡಬ್ಬಿಗೆ ಬೇರೆ ದಾರ ಸುತ್ತಿದ್ದೀರಿ! ಕೇಳಿದ್ರೆ "ಮುಚ್ಚಳ ಸಡಿಲ" ಅಂತೀರಿ. ಎಲ್ಲಿ ಸಡಿಲ? ಗಟ್ಟಿಯಾಗೇ ಇದೆ.

ಸರಿ, ಬನ್ನಿ ಈ ಕಡೆ. ಬಾಯಲ್ಲಿ ಹೇಳಿದ್ರೆ ನಿಮ್ಮ ತಲೆಗೆ ಹೋಗಲ್ಲ, ಬರೆದೇ ತೋರಿಸ್ತೀನಿ. ಬಟ್ಟೆಗೆ ಗುರುತು ಹಾಕೋ ಸೀಮೆಸುಣ್ಣ ಎರಡೇ ತುಂಡು ಉಳಿದಿತ್ತಲ್ಲ ನಿಮ್ಮ ಡಬ್ಬೀಲಿ, ಬಿಳೀದೊಂದು, ನೀಲೀದೊಂದು? ನೀಲೀದು ತಗೊಂಡೆ. ಬಿಳೀ ಗೋಡೆ, ಎದ್ದು ಕಾಣ್ಬೇಕಲ್ಲ. ಇಗೋ... ಕೆಳಗಿನ ಗೆರೆ ಕಟ್ಟೆಗೆ ತಾಗಿ... ಇದು ಎಡಗಡೆ... ಇದು ಮೇಲೆ... ಹೀಗೆ ಇಳಿದು... ಆಯ್ತು! ಹೇಗಿದೆ? ಅರಮನೆ ಕಿಟಕಿ ಥರ ಇಲ್ವಾ?

...ರೀ?

ಸೊಟ್ಟಗಿದೆಯಾ? ಇದ್ರೆ ಇರ್ಲಿ, ಮೇಸ್ತ್ರಿ ಸರಿಮಾಡ್ಕೊಳ್ತಾನೆ. ಯಾಕೆ ಸುಮ್ಮನಾದ್ರಿ? ಡಬ್ಬಿ ಯಾಕೆ ತೆಗೆದ್ರಿ ಈಗ? ಅದರಲ್ಲಿ ಇನ್ನೇನಿದೆ, ಬಿಳೀದು ತಾನೇ?

ಬಿಳೀದು ತಾನೇ ರೀ?

ಅಯ್ಯೋ... ನೀಲೀದು ಯಾವಾಗಲೂ ಎಡಗಡೆ ಇಡ್ತಿದ್ರಲ್ಲ ನೀವು... ಇವತ್ತು ಯಾಕೆ ಬಲಗಡೆ ಇಟ್ರಿ?

ಹಾಗಾದ್ರೆ ಇಷ್ಟೊತ್ತು ನಾನು ಎಳೆದದ್ದು ಬಿಳೀದ್ರಲ್ಲಿ... ಗೋಡೆ ಮೇಲೆ ಏನೂ ಇಲ್ಲ. ಏನೂ ಇಲ್ಲ ಅಲ್ವಾ?

ಬಣ್ಣ ಗೊತ್ತಾಗದೆ ತುಂಬಾ ದಿನ ಆಯ್ತು ರೀ. ಈಗೀಗ ನಿಮ್ಮ ಮುಖಾನೂ... ಬಾಗಿಲ ಬೆಳಕಿಗೆ ನಿಂತ್ರೆ ಒಂದು ನೆರಳು, ಅಷ್ಟೇ. ತಂಗಿ ಮನೆಗೆ ಅಂತ ಹೋಗಿದ್ನಲ್ಲ, ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದು. ಅಮ್ಮನಿಗೆ ಬಂದದ್ದೇ ಅಂತೆ. ಇನ್ನು ಮಾಡೋದು ಏನೂ ಇಲ್ವಂತೆ. ಕಿಟಕಿ ದೊಡ್ಡದಿದ್ರೆ ಇನ್ನೊಂದಷ್ಟು ದಿನ ಒಲೆ ಮುಂದೆ ನಿಲ್ಲಬಹುದು ಅಂತ... ನಿಮಗೆ ಗೊತ್ತಾಗೋ ತನಕ ಆದ್ರೂ...

ತಡೀರಿ. ಆ ಸೂಜಿ... ಉಪ್ಪಿನ ಡಬ್ಬಿ ದಾರ... ಮರೆವಲ್ಲ ಅಲ್ವಾ ಅದು? ದಾರ ಪೋಣಿಸೋಕೆ ನಾನು ಒದ್ದಾಡಬಾರದು ಅಂತ, ಡಬ್ಬಿ ದಾರ ಕೈಗೆ ತಾಗ್ಲಿ ಅಂತ, ಸಕ್ಕರೆ ಡಬ್ಬಿ ಯಾವುದು ಉಪ್ಪಿಂದು ಯಾವುದು ಅಂತ ತಿಳೀಲಿ ಅಂತ... ನಿಮಗೆ ಗೊತ್ತಿತ್ತು! ಗೊತ್ತಿದ್ದೂ ದಿನಾ ನನ್ನ ಕೈಲಿ ಬೈಸಿಕೊಂಡು...

ಏನಾದ್ರೂ ಹೇಳಿ ರೀ. ಬೇಕಾದ್ರೆ ಬೈಯಿರಿ. ಕುರ್ಚೀಲಿ ಕೂತ್ಕೋ ಅನ್ನೋದಾದ್ರೆ ಅದನ್ನೇ ಹೇಳಿ. ಹೀಗೆ ಮಾತ್ರ ಇರಬೇಡಿ... ನೀವು ಸುಮ್ಮನಿದ್ರೆ ಎಲ್ಲಿದ್ದೀರಿ ಅಂತ ನನಗೆ ಗೊತ್ತಾಗಲ್ಲ.