ಬೆನ್ನಿನ ನೀರು

ಉಗಾಂಡದ ಆ ಜಿಲ್ಲಾ ಆಸ್ಪತ್ರೆಯ ಬೆಂಚಿನ ಮೇಲೆ ನಲ್ವೋಗಾ ಜ್ವರದ ಮಗಳನ್ನು ಮಡಿಲಲ್ಲಿ ಹಾಕಿಕೊಂಡು ಕೂತಿದ್ದಳು. ಪಕ್ಕದಲ್ಲಿ ಒಬ್ಬ ಹೆಂಗಸೂ ಅವಳ ಮೈದುನನೂ ಮಾತಾಡುತ್ತಿದ್ದರು. ಹೆಂಗಸಿನ ಗಂಡ ನೆಲದ ಚಾಪೆಯ ಮೇಲೆ ತಲೆ ಹಿಡಿದುಕೊಂಡು ನರಳುತ್ತಿದ್ದ.

“ಬೆನ್ನಿಗೆ ಸೂಜಿ ಚುಚ್ಚಿ ನೀರು ತೆಗೀತಾರಂತೆ, ಸೆಂಪಾ. ತಲೆ ಒಳಗೆ ಬೂಷ್ಟಿನ ರೋಗ ಹಿಡಿದಿದೆಯೋ ಏನೋ ನೋಡೋಕೆ.”

“ಬೇಡ ಅತ್ತಿಗೆ. ನೀರು ತೆಗೆಸ್ಕೊಂಡೋರು ಯಾರು ಎದ್ದು ಮನೆಗೆ ಬಂದಿದಾರೆ, ಹೇಳಿ?”

“ತೆಗೆದ್ರೆ ತಲೆನೋವು ಇಳಿಯುತ್ತೆ ಅಂದ್ರು ಡಾಕ್ಟ್ರು.”

“ಔಷಧಿ ಇದೆಯಂತಾ?”

“ಮುಗಿದು ಹೋಗಿದೆಯಂತೆ. ಕಂಪಾಲಾದಿಂದ ಬರಬೇಕಂತೆ.”

“ಮತ್ತೆ ಚುಚ್ಚಿ ಏನು ನೋಡ್ತಾರೆ? ಅಣ್ಣನ ಹಣೆಬರಹಾನಾ?”

ಹೆಂಗಸು ನಲ್ವೋಗಾಳ ಕಡೆ ತಿರುಗಿದಳು. “ನೀವಾದ್ರೂ ಹೇಳಿ ಅಕ್ಕಾ.”

ನಲ್ವೋಗಾಳ ಗಂಡನಿಗೂ ಇದೇ ಬೇನೆ ಬಂದಿತ್ತು. ಕಳೆದ ವರ್ಷ ಇಲ್ಲೇ ನೀರು ತೆಗೆದ ಸಂಜೆ ಅವನು ಎದ್ದು ಕೂತು ಗಂಜಿ ಕುಡಿದು, ಮಗಳನ್ನು ಹೆಸರು ಹಿಡಿದು ಕರೆದಿದ್ದ. ಔಷಧಿಗೆ ಕಾಯುತ್ತಲೇ ಒಂಬತ್ತನೆಯ ದಿನ ತೀರಿಕೊಂಡ.

“ತಲೆನೋವು ಇಳಿಯೋದು ನಿಜ,” ಎಂದಳು ನಲ್ವೋಗಾ.

“ಆಮೇಲೆ?” ಎಂದ ಮೈದುನ.

ಅವಳು ಮಗಳ ಹಣೆಯ ಮೇಲೆ ಅಂಗೈ ಇಟ್ಟಳು.

ಅವನು ಅಣ್ಣನನ್ನು ಎತ್ತಿ ಬೆನ್ನಿಗೆ ಹಾಕಿಕೊಂಡ. ಹೆಂಗಸು ಚಾಪೆ ಸುತ್ತಿಕೊಂಡು, ಗಂಡನ ತಲೆ ಅಲುಗದಂತೆ ಹಿಂದಿನಿಂದ ಹಿಡಿದುಕೊಂಡು, ಗೇಟಿನ ಕಡೆ ನಡೆದಳು.